1964ರ ತಮಿಳು ಬಸ್ ಕಂಪನಿಯ ಕಥೆ ನಾಟಕಕ್ಕೆ: ಎಲ್ಲೆಲ್ಲಿ ಕಾಲ ತಪ್ಪಿದೆ ನೋಡಿ ಹೇಳಿ

ಪರದೆಹಿಂದೆ:
ಎಂಜಿಆರ್ ನಟಿಸಿದ ‘ತೊಳಿಲಾಳಿ’ (1964) ಚಿತ್ರದ ಲೋಕದಲ್ಲೇ ನಡೆಯುವ ನಾಟಕವೊಂದರ ಕರಡು ಸಿದ್ಧವಾಗಿದೆ. ಕಥೆ ಬೇರೆ. ಕಾಲ ಮಾತ್ರ ಅದೇ, ಖಾಸಗಿ ಬಸ್ ಕಂಪನಿಯ ಕೆಲಸಗಾರರೇ ಪಾತ್ರಗಳು. ಮುಖ್ಯ ದೃಶ್ಯ ಎರಡು. ಮೊದಲನೆಯದರಲ್ಲಿ ಕಂಡಕ್ಟರ್ ಕಟ್ಟಿದ ಹಣ ಕಡಿಮೆ ಬಂದು ಅವನ ಮೇಲೆ ಕಳ್ಳತನದ ಆರೋಪ ಬರುತ್ತದೆ. ಎರಡನೆಯದರಲ್ಲಿ ಶೆಡ್ಡಿನಲ್ಲಿ ಬಸ್ ಸ್ಟಾರ್ಟ್ ಆಗದೆ ನಿಂತಿದೆ, ಸುತ್ತ ನಿಂತವರ ನಡುವೆ ಮುಷ್ಕರದ ಮಾತು ಏಳುತ್ತದೆ.

ಈಗ ಕರಡಿನಲ್ಲಿರುವುದು ಹೀಗೆ: ಕಥೆ ನಡೆಯುವುದು ಮದ್ರಾಸ್ ನಗರದಲ್ಲಿ, ಬಸ್ಸಿಗೆ ಟಿಎನ್ ನಂಬರು, ಮೆಕ್ಯಾನಿಕ್ ಕೈಯಲ್ಲಿ ಸ್ಪಾರ್ಕ್ ಪ್ಲಗ್, ಕೆಲಸಗಾರರ ಬೇಡಿಕೆ ಶೇ 8.33 ಬೋನಸ್. ಯಾವುದು ಸರಿ, ಯಾವುದು ತಪ್ಪು?

ಹಳೇರೀಲು:
ನಾಲ್ಕೂ ತಪ್ಪು!

ಮೊದಲು ಊರು ಬದಲಿಸಿ. ಮದ್ರಾಸ್ ನಗರದ ಬಸ್ಸುಗಳು 1940ರ ದಶಕದ ಕೊನೆಯಲ್ಲೇ ಸರ್ಕಾರದ ಕೈಗೆ ಹೋಗಿದ್ದವು. 1964ರಲ್ಲಿ ನಗರದೊಳಗೆ ಖಾಸಗಿ ಮಾಲೀಕನನ್ನು ಕೂರಿಸಿದರೆ ಕಥೆ ಅಲ್ಲೇ ಕುಸಿಯುತ್ತದೆ. ಮಧುರೈ, ಕೊಯಮತ್ತೂರು ಕಡೆಗೆ ಹೋಗಿ. ಮಧುರೈನಲ್ಲಿ ಟಿವಿಎಸ್ ಬಳಗದ ಸದರ್ನ್ ರೋಡ್‌ವೇಸ್‌ನಂಥ ದೊಡ್ಡ ಖಾಸಗಿ ಸಂಸ್ಥೆಯೇ ಇತ್ತು. 1972ರಲ್ಲಿ ರಾಷ್ಟ್ರೀಕರಣವಾಗಿ ಪಾಂಡಿಯನ್ ಸಾರಿಗೆ ಬಂದದ್ದು ಆಮೇಲೆ. ನಿಮ್ಮ ಕಂಪನಿಗೆ ಕಲ್ಪಿತ ಹೆಸರನ್ನೇ ಇಡಿ.

ನಂಬರ್ ಪ್ಲೇಟಿಗೆ ಟಿಎನ್ ಬೇಡ. ಮಧುರೈ ಬಸ್ಸಾದರೆ ಎಂಡಿಯು, ಮುಂದೆ ನಾಲ್ಕು ಅಂಕಿ. ರಾಜ್ಯದ ಹೆಸರೂ ಆಗ ತಮಿಳುನಾಡಲ್ಲ, ಮದ್ರಾಸ್ ರಾಜ್ಯ. ಹೆಸರು ಬದಲಾದದ್ದು 1969ರಲ್ಲಿ. ರಂಗದ ಮೇಲೆ ಬಸ್ಸಿನ ಮುಖ ಮಾತ್ರ ತೋರಿಸುವುದಾದರೆ ಮೂಗುದ್ದದ ಟಾಟಾ-ಮರ್ಸಿಡಿಸ್ ಮಾಡಿಸಿ, ಗ್ರಿಲ್ ಮೇಲೆ ಮೂರು ಮೊನೆಯ ನಕ್ಷತ್ರ ಇರಲಿ.

ಮಾಲೀಕನನ್ನು ಕೆಲಸಗಾರರು ಕರೆಯುವುದು ‘ಮುದಲಾಳಿ’ ಎಂದು. ಆ ಕಡೆ ಮುದಲಾಳಿ, ಈ ಕಡೆ ತೊಳಿಲಾಳಿ (ಕೆಲಸಗಾರ): ಪ್ರಾಸ ಭಾಷೆಯಲ್ಲೇ ಇದೆ. ಕನ್ನಡ ಸಂಭಾಷಣೆಯಲ್ಲೂ ಈ ಎರಡು ಪದ ಹಾಗೇ ಉಳಿಸಿಕೊಳ್ಳಿ, ‘ಧಣಿ’ ಹಾಕಿದರೆ ಊರೇ ಬದಲಾಗುತ್ತದೆ. ಸಿನಿಮಾವನ್ನು ದಾಖಲೆ ಅಂತ ನಂಬಿ ಕೂರಬೇಡಿ. ಚಿನ್ನಪ್ಪ ತೇವರ್ ನಿರ್ಮಾಣ, ಅವರ ತಮ್ಮ ಎಂ.ಎ. ತಿರುಮುಗಂ ನಿರ್ದೇಶನ, ಕೆ.ವಿ. ಮಹಾದೇವನ್ ಸಂಗೀತ ಎಂದರೆ ಎಂಜಿಆರ್ ಅಭಿಮಾನಿಗಳಿಗೆಂದೇ ಕಟ್ಟಿದ ಚಿತ್ರ. ಅಲ್ಲಿ ವೇ ಬಿಲ್ (ಕಂಡಕ್ಟರ್ ಟಿಕೆಟ್ ಲೆಕ್ಕ ಬರೆಯುವ ಹಾಳೆ) ನೋಡಲು ಯಾರಿಗೂ ಪುರುಸೊತ್ತಿಲ್ಲ.

ವೇಬಿಲ್:
ಆರೋಪದ ದೃಶ್ಯಕ್ಕೆ ಲೆಕ್ಕವೇ ಜೀವ. ಅಳು, ಆಣೆ ಪ್ರಮಾಣ ಆಮೇಲೆ ಇಟ್ಟುಕೊಳ್ಳಿ.

ಕಂಡಕ್ಟರ್ ಹೆಗಲಿಗೆ ಚರ್ಮದ ಚೀಲ, ಕೈಯಲ್ಲಿ ಬೇರೆ ಬೇರೆ ಬೆಲೆಯ ಟಿಕೆಟ್ ಕಟ್ಟು, ಕಿವಿ ಸಂದಿಯಲ್ಲಿ ಪೆನ್ಸಿಲ್, ಕೊರಳಲ್ಲಿ ಸೀಟಿ. ಒಂದು ಸೀಟಿ ಎಂದರೆ ನಿಲ್ಲಿಸು, ಎರಡು ಎಂದರೆ ಹೊರಡು. ಬಾಯಲ್ಲಿ ಹೇಳುವುದಾದರೆ ‘ಪೋಲಾಂ ರೈಟ್’ (ಹೋಗೋಣ, ರೈಟ್). ಪ್ರತಿ ಟಿಕೆಟ್ಟಿಗೂ ಸರಣಿ ಸಂಖ್ಯೆ ಇರುತ್ತದೆ. ಹೊರಡುವಾಗ ಪ್ರತಿ ಕಟ್ಟಿನ ಮೇಲಿನ ಸಂಖ್ಯೆಯನ್ನು ವೇ ಬಿಲ್‌ನಲ್ಲಿ ಆರಂಭ ಎಂದು ಬರೆಯಬೇಕು, ಟ್ರಿಪ್ ಮುಗಿದಾಗ ಮೇಲಿರುವ ಸಂಖ್ಯೆ ಮುಕ್ತಾಯ. ಮುಕ್ತಾಯದ ಸಂಖ್ಯೆ ಇನ್ನೂ ಹರಿಯದ ಟಿಕೆಟ್ಟಿನದು, ಹಾಗಾಗಿ ಕಳೆದರೆ ಸಾಕು, ಒಂದು ಕೂಡಿಸಬಾರದು. ಹೊಸಬರು ಎಡವುವುದೇ ಇಲ್ಲಿ.

ಬೆಲೆಗಳನ್ನು ಉದಾಹರಣೆಗೆ ಮಾತ್ರ ಹಾಕಿದ್ದೇನೆ:

10 ಪೈಸೆ: 812ರಿಂದ 871. 59 ಟಿಕೆಟ್, ರೂ. 5.90.
15 ಪೈಸೆ: 4231ರಿಂದ 4268. 37 ಟಿಕೆಟ್, ರೂ. 5.55.
25 ಪೈಸೆ: 118ರಿಂದ 131. 13 ಟಿಕೆಟ್, ರೂ. 3.25.
ಕಟ್ಟಬೇಕಾದ್ದು ರೂ. 14.70.

ಈಗ ಕಂಡಕ್ಟರ್ ಓಡುವ ಬಸ್ಸಿನಲ್ಲಿ ನಿಂತುಕೊಂಡೇ 4268 ಬದಲು 4286 ಎಂದು ಬರೆದ ಅಂದುಕೊಳ್ಳಿ. ಕಾಗದದ ಪ್ರಕಾರ 15 ಪೈಸೆಯವು 55 ಹೋಗಿವೆ, ಕಟ್ಟಬೇಕಾದ್ದು ರೂ. 17.40. ಚೀಲದಲ್ಲಿರುವುದು 14.70. ರೂ. 2.70 ಕಡಿಮೆ, ಗುಮಾಸ್ತನ ದನಿ ಏರುತ್ತದೆ. ಆದರೆ ಲೆಕ್ಕ ಬಲ್ಲ ಹಳೇ ಗುಮಾಸ್ತ ಮೊದಲು ಆ ಕೊರತೆಯನ್ನು ಟಿಕೆಟ್ಟಿಗೆ ತಿರುಗಿಸುತ್ತಾನೆ: 270ನ್ನು 15ರಿಂದ ಭಾಗಿಸಿದರೆ 18. 18 ಒಂಬತ್ತರಿಂದ ಭಾಗವಾಗುತ್ತದೆ. ಪಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೆ ಬರುವ ವ್ಯತ್ಯಾಸ ಯಾವಾಗಲೂ ಒಂಬತ್ತರ ಮಗ್ಗಿಯಲ್ಲೇ ಇರುತ್ತದೆ. ಅಷ್ಟರಿಂದ ಏನೂ ಸಾಬೀತಾಗುವುದಿಲ್ಲ, ಅನುಮಾನ ಹುಟ್ಟುತ್ತದೆ ಅಷ್ಟೆ. ಸಾಕ್ಷಿ ಇರುವುದು ಕಟ್ಟಿನಲ್ಲಿ. ಮೇಲಿನ ಟಿಕೆಟ್ 4268 ಎಂದೇ ಇದ್ದರೆ ಮನುಷ್ಯ ಕದ್ದಿಲ್ಲ.

ನಾಟಕ ಬೇಕೆಂದರೆ ಆ ಕಟ್ಟನ್ನು ಯಾರಾದರೂ ಮೇಜಿನ ಖಾನೆಗೆ ತಳ್ಳಲಿ. ಸಾಕು.

ಚಿಲ್ಲರೆ ವಿಷಯ: ದಶಮಾನ ನಾಣ್ಯ ಬಂದದ್ದು ಏಪ್ರಿಲ್ 1957, ‘ನಯಾ ಪೈಸೆ’ಯ ‘ನಯಾ’ ಕೈಬಿಟ್ಟದ್ದು ಜೂನ್ 1964. ಹಳೇ ಅಭ್ಯಾಸದವರು ಇನ್ನೂ ನಾಲ್ಕಾಣೆ, ಎಂಟಾಣೆ ಅನ್ನುತ್ತಿರಲಿ. ಚೀಲದಿಂದ 20 ಪೈಸೆ ನಾಣ್ಯ ಮಾತ್ರ ತೆಗೆಯಬೇಡಿ, ಅದು 1968ರದು.

ಪರದೆಹಿಂದೆ:
ಕಟ್ಟು ಬಚ್ಚಿಡುವ ಉಪಾಯಕ್ಕೆ ದೊಡ್ಡ ನಮಸ್ಕಾರ! ಒಂದು ಸಂದೇಹ. ಕಂಡಕ್ಟರ್ ನಿಜವಾಗಿಯೂ ಕದಿಯುವವನಾದರೆ ಹೇಗೆ ಸಿಕ್ಕಿಬೀಳುತ್ತಾನೆ?

ವೇಬಿಲ್:
ಈ ಲೆಕ್ಕದಲ್ಲಿ ಸಿಗುವುದಿಲ್ಲ. ದುಡ್ಡು ತೆಗೆದುಕೊಂಡು ಟಿಕೆಟ್ ಹರಿಯದಿದ್ದರೆ ಕಾಗದ ಸರಿಯಾಗೇ ಇರುತ್ತದೆ. ಸಿಗುವುದು ದಾರಿಯಲ್ಲಿ, ಚೆಕಿಂಗ್‌ನವರು ಹತ್ತಿ ತಲೆ ಎಣಿಸಿದಾಗ. ಇಳಿದವರಿಂದ ವಾಪಸ್ ಪಡೆದ ಟಿಕೆಟ್ ಮತ್ತೆ ಮಾರಿದ್ದರೆ ಸಂಖ್ಯೆ ಹೇಳುತ್ತದೆ. ಈ ಸ್ಟೇಜಿನಲ್ಲಿ (ಬಸ್ ದರ ಲೆಕ್ಕ ಹಾಕುವ ದಾರಿಯ ಹಂತ) ಹತ್ತಿದವನ ಕೈಯಲ್ಲಿ ಹಿಂದಿನ ಸ್ಟೇಜ್ ಮುಗಿಯುವ ಮೊದಲೇ ಹರಿದ ಸಂಖ್ಯೆ ಇರಲು ಸಾಧ್ಯವಿಲ್ಲ. ಸ್ಟೇಜ್ ದಾಟುವ ಮುಂಚೆ ವೇ ಬಿಲ್ ಮುಗಿಸಬೇಕೆಂದು ಕಂಪನಿ ಪ್ರಾಣ ತಿನ್ನುವುದು ಅದಕ್ಕೇ.

ನಾಜಲ್:
ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಎಲ್ಲಿಂದ ಬಂತು ಸ್ವಾಮಿ? ಡೀಸೆಲ್ ಸಿಂಪಡಿಸುವ ಇಂಜೆಕ್ಟರ್ ಕೊಡಿ ಕೈಗೆ.

ರಂಗದ ಮೇಲೆ ಚೆನ್ನಾಗಿ ಕಾಣುವ ರಿಪೇರಿ ಎಂದರೆ ಏರ್‌ಲಾಕ್, ಅಂದರೆ ಡೀಸೆಲ್ ಪೈಪಿನಲ್ಲಿ ಸಿಕ್ಕಿಕೊಂಡ ಗಾಳಿ, ತೆಗೆಯುವುದು. ಟ್ಯಾಂಕ್ ಖಾಲಿಯಾಗಿದ್ದರೆ, ಫಿಲ್ಟರ್ ಬದಲಿಸಿ ಗಾಳಿ ತೆಗೆಯದೇ ಬಿಟ್ಟಿದ್ದರೆ, ಇಲ್ಲವೇ ಪೈಪಿನ ವಾಷರ್ ಒಡೆದಿದ್ದರೆ ಗಾಳಿ ಸೇರುತ್ತದೆ. ಸ್ಟಾರ್ಟರ್ ಜೋರಾಗಿ ತಿರುಗುತ್ತದೆ, ಸೈಲೆನ್ಸರ್‌ನಲ್ಲಿ ಹೊಗೆಯೇ ಇರುವುದಿಲ್ಲ. ಅದೇ ಗುರುತು.

ಕ್ರಮ: ಫಿಲ್ಟರ್ ಮೇಲಿನ ಬ್ಲೀಡ್ ಸ್ಕ್ರೂ ಎರಡು ಸುತ್ತು ಸಡಿಲಿಸಿ, ಟ್ಯಾಂಕಿನಿಂದ ಡೀಸೆಲ್ ಎಳೆಯುವ ಫೀಡ್ ಪಂಪಿನ ಕೈಲಿವರ್ ಒತ್ತಿ. ಮೊದಲು ಬುರುಗು ಬರುತ್ತದೆ, ಆಮೇಲೆ ಗುಳ್ಳೆಯಿಲ್ಲದ ಡೀಸೆಲ್. ಒತ್ತುತ್ತಿರುವಾಗಲೇ ಸ್ಕ್ರೂ ಬಿಗಿ. ಇದನ್ನೇ ಇಂಜೆಕ್ಷನ್ ಪಂಪಿನ ಸ್ಕ್ರೂಗೂ ಮಾಡಿ. ಕೊನೆಗೆ ಇಂಜೆಕ್ಟರ್ ಪೈಪುಗಳ ನಟ್ ಅರ್ಧ ಸುತ್ತು ಸಡಿಲಿಸಿ ಸ್ಟಾರ್ಟರ್ ಹೊಡೆಸಿ. ಡೀಸೆಲ್ ಚಿಮ್ಮಿದ ಹಾಗೆ ಒಂದೊಂದೇ ಬಿಗಿ ಮಾಡಿದರೆ ಎಂಜಿನ್ ಕುಂಟುತ್ತ ಎದ್ದು ಆಮೇಲೆ ಸರಿಹೋಗುತ್ತದೆ. ಆ ಕುಂಟುವ ಸದ್ದು ಧ್ವನಿಮುದ್ರಣದಲ್ಲಿ ಇರಲೇಬೇಕು.

ಕೈಲಿವರ್ ಸಡಿಲವಾಗಿ ಆಡಿ ಏನೂ ಬಾರದಿದ್ದರೆ ಪಂಪ್ ಕೆಟ್ಟಿದೆ ಎಂದಲ್ಲ. ಪಂಪನ್ನು ಒತ್ತುವ ಒಳಗಿನ ಕ್ಯಾಮ್ (ಒಂದು ಕಡೆ ಉಬ್ಬಿದ ಗಾಲಿ) ಏರಿನ ಮೇಲೆ ನಿಂತಿರುತ್ತದೆ, ಎಂಜಿನ್ ಒಂದು ಸುತ್ತು ತಿರುಗಿಸಬೇಕು. ಹೊಸ ಹುಡುಗ ಪಂಪ್ ಬಿಚ್ಚಲು ಹೋಗಿ ಹಳೇ ಮೇಸ್ತ್ರಿ ತಡೆಯುವುದಕ್ಕೆ ಒಳ್ಳೇ ಜಾಗ ಇದು. ರಂಗಕ್ಕೆ ನಿಜವಾದ ಡೀಸೆಲ್ ಬೇಡ, ನೆಲ ಜಾರುತ್ತದೆ. ಸೋಪು ಕಲಸಿದ ನೀರು ಬುರುಗಿಗೂ ಆಗುತ್ತದೆ.

ಕಲಂ13:
ಬೋನಸ್ ಕಾನೂನು 1965ರದು, ಆಗ ಕನಿಷ್ಠ ಶೇ 4. 8.33 ಬಂದದ್ದು 1972ರಲ್ಲಿ. ನಿಮ್ಮವರು 1964ರಲ್ಲಿ ‘ಒಂದು ತಿಂಗಳ ಸಂಬಳ’ ಕೇಳಲಿ, ಯಾವ ಕಲಮನ್ನೂ ಹಿಡಿಯದಿರಲಿ.

ಅವರ ಕೈಗೆ ಕೊಡಬಹುದಾದ ಕಾನೂನು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ. ಐದು ಮಂದಿ ಇದ್ದರೂ ಅನ್ವಯ. ದಿನಕ್ಕೆ 8 ಗಂಟೆ, ವಾರಕ್ಕೆ 48. ದೂರದ ರೂಟಿಗೆ ಅನುಮತಿ ಪಡೆದು ಹೆಚ್ಚಿಸಬಹುದು, ಆದರೂ ದಿನಕ್ಕೆ 10, ವಾರಕ್ಕೆ 54 ದಾಟುವಂತಿಲ್ಲ. 5 ಗಂಟೆ ದುಡಿದ ಮೇಲೆ ಅರ್ಧ ಗಂಟೆ ವಿರಾಮ, ಹೆಚ್ಚುವರಿ ದುಡಿಮೆಗೆ ಎರಡರಷ್ಟು ಕೂಲಿ. ಜಗಳ ಹುಟ್ಟುವುದು ಟ್ರಿಪ್ಪಿನ ನಡುವೆ ಖಾಲಿ ಕೂರುವ ಹೊತ್ತಿನ ಬಗ್ಗೆ. ಮುದಲಾಳಿ ಅದನ್ನು ವಿಶ್ರಾಂತಿ ಎನ್ನುತ್ತಾನೆ. ಡ್ರೈವರ್ ಬಸ್ಸು ಬಿಟ್ಟು ಹೋಗುವಂತಿಲ್ಲ, ಹಾಗಿರುವಾಗ ಅದು ವಿಶ್ರಾಂತಿ ಹೇಗೆ ಎಂದು ಇವರು. ಬೋನಸ್ಸಿಗಿಂತ ಈ ವಾದಕ್ಕೆ ಕಾವು ಜಾಸ್ತಿ.

ಮುಷ್ಕರವನ್ನು ಅದೇ ಸಂಜೆ ಶುರು ಮಾಡಿಸಬೇಡಿ. ಬಸ್ ಸೇವೆಯನ್ನು ಸರ್ಕಾರ ಸಾರ್ವಜನಿಕ ಉಪಯುಕ್ತ ಸೇವೆ ಎಂದು ಘೋಷಿಸಿದ್ದರೆ ನೋಟಿಸ್ ಕೊಟ್ಟು 14 ದಿನ ಕಾಯಬೇಕು. ರಾಜಿ ಮಾತುಕತೆ ನಡೆಯುವಾಗಲೂ ಇಳಿಯುವಂತಿಲ್ಲ.

ಪರದೆಹಿಂದೆ:
ಹಾಗಾದರೆ ಕಥೆ ಮಧುರೈಗೆ, ಬೋನಸ್ ಹೊರಕ್ಕೆ. ಆ 14 ದಿನದ ಎಂಟನೇ ದಿನಕ್ಕೆ ರೂ. 2.70ರ ಆರೋಪ ಇಡುತ್ತೇನೆ. ಖಾನೆಯ ಬೀಗದ ಕೈ ಯಾರ ಹತ್ತಿರ ಎಂಬುದಷ್ಟೇ ತೀರ್ಮಾನವಾಗಬೇಕು.