ಪ್ರೊಪೆಲ್ಲರಿನ ನೂಕುಬಲ ಹಡಗಿನ ಒಡಲನ್ನು ಸೇರುವುದು ಹೇಗೆ?

ಪ್ರಶ್ನೆ (ಡಿಪ್ಲೊಮಾ ವಿದ್ಯಾರ್ಥಿ, ಕುಂಬಳೆ):
ಮಾನ್ಯರೇ, ಪ್ರೊಪೆಲ್ಲರ್ ನೀರನ್ನು ಹಿಂದಕ್ಕೆ ತಳ್ಳಿದಾಗ ಶಾಫ್ಟಿನ ಮೇಲೆ ಮುಂದಕ್ಕೆ ಒತ್ತಡ ಬೀಳುತ್ತದೆ ಎಂಬುದು ತಿಳಿಯಿತು. ಬಿಡುವಿಲ್ಲದೆ ತಿರುಗುವ ಶಾಫ್ಟಿನಿಂದ ಆ ಬಲ ಒಡಲಿಗೆ ದಾಟುವುದು ಹೇಗೆ? ಲೋಹಗಳು ಉಜ್ಜಿ ಸವೆಯುವುದಿಲ್ಲವೇ?

ಉತ್ತರ 1 (ಹಡಗಿನ ಇಂಜಿನಿಯರ್, ಕಾಸರಗೋಡು):
ಈ ಕೆಲಸ ಮಾಡುವುದು ಥ್ರಸ್ಟ್ ಬೇರಿಂಗ್, ಅಂದರೆ ನೂಕುಬಲವನ್ನು ಹೊರುವ ಆಧಾರ. ಶಾಫ್ಟಿನ ಅಂಗವಾಗಿಯೇ ರೂಪಿಸಿದ ದಪ್ಪ ಕಾಲರ್ (ಸುತ್ತಲೂ ಹೊರಚಾಚಿದ ಬಳೆಯಂಥ ಅಂಚು) ಒಂದಿರುತ್ತದೆ. ಅದರ ಎದುರು ವೈಟ್ ಮೆಟಲ್ (ಮೃದುವಾದ ಮಿಶ್ರಲೋಹ) ಹೊದಿಸಿದ ಪ್ಯಾಡುಗಳನ್ನು ಜೋಡಿಸಿರುತ್ತಾರೆ. ಪ್ರತಿ ಪ್ಯಾಡೂ ತನ್ನ ಬೆನ್ನಿನ ಆಧಾರದ ಮೇಲೆ ತುಸು ಓರೆಯಾಗಬಲ್ಲದು. ಕಾಲರ್ ತಿರುಗುತ್ತಾ ಎಣ್ಣೆಯನ್ನು ನಡುವಿನ ಸಂದಿನ ಅಗಲವಾದ ಬದಿಯಿಂದ ಕಿರಿದಾದ ಬದಿಗೆ ಎಳೆದೊಯ್ಯುವುದರಿಂದ ಅಲ್ಲಿ ಬೆಣೆಯಾಕಾರದ ಎಣ್ಣೆಪದರವೊಂದು ಮೂಡಿ, ಅದರೊಳಗೆ ಹುಟ್ಟುವ ಒತ್ತಡವೇ ಇಡೀ ನೂಕುಬಲವನ್ನು ಹೊರುತ್ತದೆ. ಪದರ ಕೂದಲೆಳೆಗಿಂತ ತೆಳುವಾದರೂ ಲೋಹಕ್ಕೆ ಲೋಹ ತಾಗುವುದಿಲ್ಲ. ಆಸ್ಟ್ರೇಲಿಯಾದ ಇಂಜಿನಿಯರ್ ಮಿಚೆಲ್ 1905ರಲ್ಲಿ ಈ ಓರೆಯಾಗುವ ಪ್ಯಾಡುಗಳ ಬೇರಿಂಗಿಗೆ ಪೇಟೆಂಟ್ ಪಡೆದರು. ಅಮೆರಿಕದ ಇಂಜಿನಿಯರ್ ಕಿಂಗ್ಸ್‌ಬರಿ ಸ್ವತಂತ್ರವಾಗಿ ಇದೇ ತತ್ವವನ್ನು ಕಂಡುಕೊಂಡಿದ್ದರು. ಅದಕ್ಕೂ ಮೊದಲು ಸಾಲುಸಾಲು ಕಾಲರ್‌ಗಳು ಬೇಕಾಗುತ್ತಿದ್ದವು. ಈಗ ಒಂದೇ ಸಾಕು. ನನ್ನ ದೃಷ್ಟಿಯಲ್ಲಿ ಹಡಗಿನ ಯಂತ್ರಗಳಲ್ಲೇ ಇದು ಅತ್ಯಂತ ಸುಂದರವಾದ ಪರಿಹಾರ.

ಉತ್ತರ 2 (ನಿವೃತ್ತ ಫಿಟ್ಟರ್, ಮಂಜೇಶ್ವರ):
ಮುಂದಿನ ದಾರಿಯನ್ನೂ ಹೇಳಬೇಕು. ಪ್ಯಾಡುಗಳಿಂದ ಬಲ ಬೇರಿಂಗಿನ ಕವಚಕ್ಕೆ, ಅಲ್ಲಿಂದ ಬೋಲ್ಟ್ ಮತ್ತು ಅಡ್ಡಗಟ್ಟೆಗಳ ಮೂಲಕ ಗಟ್ಟಿಯಾದ ಪೀಠಕ್ಕೆ, ಕೊನೆಗೆ ತಳದ ಉದ್ದತೊಲೆಗಳಿಗೆ ಹರಡುತ್ತದೆ. ಹಿಮ್ಮುಖ ಚಲನೆಗಾಗಿ ಕಾಲರಿನ ಇನ್ನೊಂದು ಬದಿಯಲ್ಲೂ ಪ್ಯಾಡುಗಳಿರುತ್ತವೆ.

ಉತ್ತರ 3 (ದೋಣಿ ದುರಸ್ತಿಗಾರ, ಕಾಸರಗೋಡು):
ನಮ್ಮ ಕಡೆಯ ಒಳ ಇಂಜಿನಿನ ಮೀನುಗಾರಿಕಾ ಬೋಟುಗಳಲ್ಲಿ ಸಾಮಾನ್ಯವಾಗಿ ಗೇರ್‌ಬಾಕ್ಸಿನೊಳಗಿನ ಬೇರಿಂಗೇ ಈ ಕೆಲಸ ಮಾಡುತ್ತದೆ. ಆದ್ದರಿಂದ ಗೇರ್‌ಬಾಕ್ಸಿನ ಬುಡದ ಬೋಲ್ಟುಗಳು ಸಡಿಲವಾಗಿದ್ದರೆ, ಗೇರ್ ಹಾಕಿದೊಡನೆ ಅದು ಮುಂದಕ್ಕೆ ಜರುಗಿ ಶಾಫ್ಟಿನ ಜೋಡಣೆ ಕೆಡುತ್ತದೆ.