ಬಿ.ಆರ್ಕ್ ಮಾಡಿ ಎಚ್4 ವೀಸಾದಲ್ಲಿ ಅಮೆರಿಕಕ್ಕೆ ಬಂದಿದ್ದೇನೆ, ಇಲ್ಲಿ ಆರ್ಕಿಟೆಕ್ಟ್ ಆಗಬಹುದಾ?

ಮೈಸೂರು ಹುಡುಗಿ:
ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ಬಿ.ಆರ್ಕ್ (ಆರ್ಕಿಟೆಕ್ಚರ್ ಪದವಿ) ಮುಗಿಸಿ ಬೆಂಗಳೂರಿನಲ್ಲಿ ಎರಡು ವರ್ಷ ಕೆಲಸ ಮಾಡಿದ್ದೆ. ಮದುವೆಯಾಗಿ, ಎಚ್1ಬಿ ಕೆಲಸದ ವೀಸಾದಲ್ಲಿರುವವರ ಸಂಗಾತಿಗೆ ಕೊಡುವ ಎಚ್4 ವೀಸಾದಲ್ಲಿ ಕ್ಯಾಲಿಫೋರ್ನಿಯಾಗೆ ಬಂದು ಹದಿನಾಲ್ಕು ತಿಂಗಳಾಯ್ತು. ಇಲ್ಲಿ ನಮ್ಮವರೆಲ್ಲ ಹೇಳೋದು ಒಂದೇ ಮಾತು: "ಅದೆಲ್ಲ ಇಲ್ಲಿ ಆಗಲ್ಲ, ಸಾಫ್ಟ್‌ವೇರ್ ಟೆಸ್ಟಿಂಗ್ ಕೋರ್ಸ್ ಮಾಡು, ಬೇಗ ಕೆಲಸ ಸಿಗುತ್ತೆ." ಐದು ವರ್ಷ ನಿದ್ದೆಗೆಟ್ಟು ಶೀಟ್ ಎಳೆದಿದ್ದು, ಮಾಡೆಲ್ ಅಂಟಿಸಿದ್ದು ಎಲ್ಲ ಸುಮ್ನೆ ಹೋಯ್ತಾ ಅಂತ ಸಂಕಟವಾಗುತ್ತೆ. ಈ ದಾರಿಯಲ್ಲಿ ಹೋದವರು ಯಾರಾದರೂ ಇದ್ದೀರಾ? ಎಷ್ಟು ವರ್ಷ ಹಿಡಿಯಿತು?

ಲಂಡನ್ ಕನ್ನಡಿಗ:
ಇಂಗ್ಲೆಂಡಿನ ನಿಯಮ ಬೇರೆ, ಅದನ್ನು ಹೇಳಿ ಗೊಂದಲ ಮಾಡಲ್ಲ. ಒಂದು ಕೆಲಸ ಮಾತ್ರ ಈಗಲೇ ಮಾಡಿ. ಟ್ರಾನ್ಸ್‌ಕ್ರಿಪ್ಟ್ (ಕಾಲೇಜಿನ ಅಧಿಕೃತ ಅಂಕಪಟ್ಟಿ), ಸಿಲಬಸ್ ಪ್ರತಿ, ಹಳೇ ಆಫೀಸಿನ ಅನುಭವ ಪತ್ರ ಎಲ್ಲ ತರಿಸಿಕೊಳ್ಳಿ. ನನ್ನ ಟ್ರಾನ್ಸ್‌ಕ್ರಿಪ್ಟ್ ಕೈಗೆ ಬರಲು ಏಳು ತಿಂಗಳಾಯ್ತು. ಅದಕ್ಕಾಗಿ ಅಪ್ಪ ಮೂರು ಸಲ ರಾತ್ರಿ ಬಸ್ಸು ಹತ್ತಿದರು. ಸೀಲ್ ಹಾಕಿದ ಲಕೋಟೆ ಬಂದರೆ ಒಡೆಯಬೇಡಿ, ಹಾಗೇ ಇಡಿ.

ಶಿರಸಿಯವಳು:
ತಂಗೀ, ನಾನು ಹೋದ ದಾರಿ ಇದೇ. 2010ರಲ್ಲಿ ಎಚ್4ನಲ್ಲಿ ಬಂದೆ, 2023ರಲ್ಲಿ ಲೈಸೆನ್ಸ್ ಸಿಕ್ಕಿತು. ಹದಿಮೂರು ವರ್ಷ ಅಂತ ಹೆದರಬೇಡಿ. ಮೊದಲ ಐದು ವರ್ಷ ನನಗೆ ಕೆಲಸ ಮಾಡುವ ಹಕ್ಕೇ ಇರಲಿಲ್ಲ. ಎಚ್4ನವರಿಗೆ ಇಎಡಿ, ಅಂದರೆ ಕೆಲಸ ಮಾಡಲು ಅನುಮತಿಯ ಕಾರ್ಡ್, ಕೊಡುವ ನಿಯಮ ಜಾರಿಗೆ ಬಂದಿದ್ದು 2015ರ ಮೇ ತಿಂಗಳಲ್ಲಿ. ನಿಮ್ಮ ಯಜಮಾನರ ಐ-140 (ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕುವ ಅರ್ಜಿ) ಮಂಜೂರಾಗಿದೆಯಾ? ಇಎಡಿಗೆ ಸಾಮಾನ್ಯವಾಗಿ ಅದು ಬೇಕು, ಮೊದಲು ಅದನ್ನು ನೋಡಿ.

ಆ ಐದು ವರ್ಷ ಏನು ಮಾಡಿದೆ ಅಂತ ಹೇಳಲೇಬೇಕು. ನಮ್ಮ ಬೀದಿಯಲ್ಲಿ ಒಂದು ಮನೆ ಏಳುತ್ತಿತ್ತು. ಮಗುವನ್ನು ಗಾಡಿಯಲ್ಲಿ ಕೂರಿಸಿಕೊಂಡು ದಿನಾ ಅದರ ಮುಂದೆ ನಿಲ್ಲುತ್ತಿದ್ದೆ. ನಮ್ಮೂರಲ್ಲಿ ಗೋಡೆ ಅಂದರೆ ಚಿರೆಕಲ್ಲು, ಮೇಲೆ ಮಂಗಳೂರು ಹಂಚು. ಇಲ್ಲಿ ನೋಡಿದರೆ ಬರೀ ಮರದ ಪಟ್ಟಿಗಳು, 16 ಇಂಚಿಗೊಂದು. ಮೂಲೆಯಲ್ಲಿ ಮರವನ್ನು ಪಾಯಕ್ಕೆ ಬಿಗಿದ ದಪ್ಪ ಕಬ್ಬಿಣದ ಪಟ್ಟಿ. ಗೋಡೆಯ ಭಾರ ಕೆಳಗೆ ಇಳಿಯುತ್ತೆ, ಹಾಗಿರುವಾಗ ಕೆಳಕ್ಕೆ ಎಳೆದು ಕಟ್ಟೋದ್ಯಾಕೆ? ಒಂದು ದಿನ ಧೈರ್ಯ ಮಾಡಿ ಮೇಸ್ತ್ರಿಯನ್ನು ಕೇಳಿದೆ. ಆತ ಒಂದು ಹಲಗೆ ಎತ್ತಿ ನಿಲ್ಲಿಸಿ, ಮೇಲ್ತುದಿಯನ್ನು ಪಕ್ಕಕ್ಕೆ ತಳ್ಳಿ ತೋರಿಸಿದ. ಒಂದು ಮೂಲೆ ನೆಲಕ್ಕೆ ಒತ್ತಿತು, ಇನ್ನೊಂದು ಮೇಲಕ್ಕೆದ್ದಿತು. ಭೂಕಂಪದಲ್ಲಿ ಮನೆ ಹೀಗೆ ಏಳಲು ನೋಡುತ್ತೆ, ಅದಕ್ಕೆ ಈ ಕಬ್ಬಿಣ. ಅವತ್ತು ಸಂಜೆ ಮನೆಗೆ ಬಂದು ಬಾಡಿಗೆ ಮನೆಯ ಅಳತೆ ತೆಗೆದೆ. ಅಡಿ-ಇಂಚಿನಲ್ಲಿ ಪ್ಲಾನ್ ಬರೆಯಲು ಕೂತೆ.

2016ರಲ್ಲಿ ಮೂರೇ ಜನ ಇದ್ದ ಒಂದು ಸಣ್ಣ ಆಫೀಸಿನಲ್ಲಿ ಅರ್ಧ ದಿನದ ಕೆಲಸ ಸಿಕ್ಕಿತು. ಈ ರಾಜ್ಯದಲ್ಲಿ ಎರಡಂತಸ್ತಿನವರೆಗಿನ ಮರದ ಮನೆಗಳಿಗೆ ಆರ್ಕಿಟೆಕ್ಟ್ ಸಹಿ ಕಡ್ಡಾಯ ಅಲ್ಲ. ಅಂಥ ಕೆಲಸ ಮಾಡುವ ಸಣ್ಣ ಆಫೀಸುಗಳು ನಮ್ಮಂಥವರನ್ನು ಬೇಗ ತಗೊಳ್ಳುತ್ತವೆ. ಆದರೆ ಲೈಸೆನ್ಸ್ ಬರುವವರೆಗೆ ನಿಮ್ಮನ್ನು ನೀವು ಆರ್ಕಿಟೆಕ್ಟ್ ಅಂತ ಎಲ್ಲೂ ಹೇಳಿಕೊಳ್ಳಬೇಡಿ, ಕಾನೂನು ಒಪ್ಪಲ್ಲ. ಊರಲ್ಲಿ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನ ನೋಂದಣಿ ನಂಬರ್ ಇದ್ದವಳಿಗೆ ಆ ಮಾತು ನುಂಗೋದು ಕಷ್ಟವಾಗಿತ್ತು.

ಲೈಸೆನ್ಸಿಗೆ ಎನ್‌ಕಾರ್ಬ್‌ನವರ (ಅಮೆರಿಕದ ಆರ್ಕಿಟೆಕ್ಟ್ ನೋಂದಣಿ ಮಂಡಳಿಗಳ ಒಕ್ಕೂಟ) ಲೆಕ್ಕದಲ್ಲಿ 3,740 ಗಂಟೆ ಅನುಭವ ಬೇಕು, ಆರು ವಿಭಾಗಗಳಲ್ಲಿ. ನಾನು ಎಡವಿದ್ದು ಇಲ್ಲೇ. ದಿನವಿಡೀ ಡ್ರಾಯಿಂಗ್ ಮಾಡಿದ್ದರಿಂದ ಆ ವಿಭಾಗದ 1,520 ಗಂಟೆ ಸಲೀಸಾಗಿ ತುಂಬಿತು. ಕಟ್ಟಡ ಏಳುವ ಸೈಟಿನ 360 ಗಂಟೆ ಮಾತ್ರ ಖಾಲಿ. ಯಾರೂ ಕರೆದುಕೊಂಡು ಹೋಗಲ್ಲ, ನಾವೇ ಕೇಳಬೇಕು. ಕೇಳಲು ಒಂದೂವರೆ ವರ್ಷ ಸಂಕೋಚಪಟ್ಟೆ. ಕೇಳಿದ ಮೇಲೆ ಆಫೀಸಿನ ಬಾಸ್ "ಶುಕ್ರವಾರ ಬಾ" ಅಂದುಬಿಟ್ಟರು, ಅಷ್ಟೇ! ಇನ್ನೊಂದು, ಎಂಟು ತಿಂಗಳೊಳಗೆ ದಾಖಲಿಸದ ಗಂಟೆಗೆ ಅರ್ಧವೇ ಬೆಲೆ ಅನ್ನೋದು ಆಗಿನ ನಿಯಮ. ಗೊತ್ತಿಲ್ಲದೆ ಎಷ್ಟೋ ಗಂಟೆ ಹಾಗೆ ಕಳೆದುಕೊಂಡೆ. ಈಗಿನ ನಿಯಮ ಎನ್‌ಕಾರ್ಬ್ ವೆಬ್‌ಸೈಟಿನಲ್ಲಿ ಓದಿಕೊಂಡು, ವಾರವಾರ ಬರೆದಿಡಿ.

ಪರೀಕ್ಷೆಯೂ ಆರು. ಒಂದರಲ್ಲಿ ಎರಡು ಸಲ ಫೇಲಾದೆ. ಅದರಲ್ಲಿ ಹೀಟಿಂಗ್, ಡಕ್ಟ್ (ಗಾಳಿ ಸಾಗಿಸುವ ಕೊಳವೆ) ಪ್ರಶ್ನೆಗಳು ಜಾಸ್ತಿ. ಕಿಟಕಿ ತೆಗೆದರೆ ಗಾಳಿ ಬರುವ ಮನೆಯಲ್ಲಿ ಬೆಳೆದವಳಿಗೆ ಅದು ತಲೆಗೆ ಹತ್ತಲು ಟೈಮ್ ಬೇಕಾಯ್ತು. ಫೇಲಾದರೆ 60 ದಿನ ಕಾಯಬೇಕು. ಆ 60 ದಿನ ನಮ್ಮ ಮನೆಯ ಅಡುಗೆಮನೆ ಗೋಡೆ ತುಂಬ ಡಕ್ಟಿನ ಚಿತ್ರಗಳೇ. ಆರೂ ಮುಗಿದ ಮೇಲೆ ರಾಜ್ಯದ್ದೇ ಇನ್ನೊಂದು ಪರೀಕ್ಷೆ ಇದೆ. ಕ್ಯಾಲಿಫೋರ್ನಿಯಾದಲ್ಲಿ ಓದು, ಕೆಲಸ ಎರಡೂ ಸೇರಿ ಎಂಟು ವರ್ಷದ ಲೆಕ್ಕ. ನಿಮ್ಮ ಬಿ.ಆರ್ಕ್‌ಗೆ ಅದರಲ್ಲಿ ಪಾಲಿದೆ, ಸುಮ್ನೆ ಹೋಗಿಲ್ಲ.

ಲೈಸೆನ್ಸ್ ಬಂದ ಮೇಲೆ ನಾನು ಮೊದಲು ಆರ್ಕಿಟೆಕ್ಟ್ ಸ್ಟ್ಯಾಂಪ್ ಒತ್ತಿದ್ದು ಒಂದು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಡ್ರಾಯಿಂಗಿಗೆ. ಹನ್ನೊಂದು ಹಾಳೆ. ಅಮ್ಮನಿಗೆ ವಿಡಿಯೊ ಕಾಲ್‌ನಲ್ಲಿ ಒಂದೊಂದೇ ತೋರಿಸಿದೆ.

ಬಸವನಗುಡಿ:
ಊರಿಗೆ ಬಂದಾಗ ಬೆಂಗಳೂರಿನ ಐಐಎಸ್‌ಸಿ, ಅಂದರೆ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಆರ್ಕಿಟೆಕ್ಟ್ ಒಟ್ಟೊ ಕೋನಿಗ್ಸ್‌ಬರ್ಗರ್ ಅವರ ಕಟ್ಟಡಗಳನ್ನು ನೋಡಿ. ಅವರೂ ವಲಸೆ ಬಂದವರೇ. 1908ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿದರು. ಯಹೂದಿ ಮೂಲದವರು ಅಂತ 1933ರಲ್ಲಿ ಕೆಲಸ ಹೋಯ್ತು. ಈಜಿಪ್ಟಿಗೆ ಹೋಗಿ, ಅಲ್ಲಿನ ಪ್ರಾಚೀನ ಬಾಗಿಲುಗಳನ್ನು ಹೇಗೆ ಕಟ್ಟುತ್ತಿದ್ದರು ಅನ್ನುವುದರ ಮೇಲೆ ಡಾಕ್ಟರೇಟ್ ಮಾಡಿದರು. 1939ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದು ನಮ್ಮ ಬಿಸಿಲು, ಗಾಳಿ, ಮಳೆಯನ್ನು ಹೊಸದಾಗಿ ಕಲಿತರು. ಮುಂದೆ ಲಂಡನ್ನಿನಲ್ಲಿ ಅದನ್ನೇ ಪಾಠ ಮಾಡಿದರು.

ಮೈಸೂರು ಹುಡುಗಿ:
ಅಕ್ಕಾ, ಓದಿ ಕಣ್ಣು ತುಂಬಿ ಬಂತು. ಐ-140 ಆಗಿದೆ, ಇಎಡಿಗೆ ಅರ್ಜಿ ಹಾಕಿದ್ದೇವೆ. ಕಾರ್ಡ್ ಬರುವವರೆಗೆ ನಮ್ಮ ಅಪಾರ್ಟ್‌ಮೆಂಟ್ ಅಳೆದು ಬರೆಯಲಾ?

ಶಿರಸಿಯವಳು:
ಬರೆಯಿರಿ. 25 ಅಡಿಯ ಟೇಪ್ ತಗೊಳ್ಳಿ. 16 ಇಂಚಿಗೊಂದು ಗುರುತು ಅದರಲ್ಲೇ ಇರುತ್ತೆ, ಗೋಡೆಯೊಳಗಿನ ಮರ ಎಲ್ಲಿದೆ ಅಂತ ಅಂದಾಜು ಸಿಗುತ್ತೆ. ಪ್ಲಾನಿನ ಜೊತೆ ಒಂದು ಸೆಕ್ಷನ್ನೂ (ಮನೆಯನ್ನು ಸೀಳಿ ನೋಡಿದಂತಿರುವ ಚಿತ್ರ) ಎಳೆದು ನನಗೆ ಕಳಿಸಿ. ಕೆಂಪು ಪೆನ್ನಿನಲ್ಲಿ ತಿದ್ದಿ ವಾಪಸ್ ಕಳಿಸುತ್ತೇನೆ.