ಟೀವಿಲಿ ಬಂದ ಬೇಲೂರು ಎಪಿಸೋಡ್: ಇತಿಹಾಸನಾ, ಧಾರಾವಾಹಿನಾ?

ಬೇಲೂರ್ ಹುಡ್ಗ: ಭಾನುವಾರ ಟೀವಿಲಿ ನಮ್ಮೂರಿನ ಎಪಿಸೋಡ್ ನೋಡಿದ್ರಾ? ಮುಕ್ಕಾಲು ಪಾಲು ದಂತಕಥೆಯ ಶಿಲ್ಪಿ ಜಕಣಾಚಾರಿ ಕಣ್ಣೀರಲ್ಲೇ ಹೋಯ್ತು. ಮಗ ಡಂಕಣ ಬಂದು ಅಪ್ಪ ಕೆತ್ತಿದ ಮೂರ್ತಿಯ ಕಲ್ಲಲ್ಲಿ ದೋಷ ಇದೆ ಅಂತಾನೆ, ಗಂಧ ಬಳಿದ್ರೆ ಹೊಕ್ಕುಳ ಹತ್ರ ಮಾತ್ರ ಒಣಗಲ್ಲ, ಉಳಿ ಇಟ್ರೆ ಕಪ್ಪೆ ಹೊರಗೆ, ಅಪ್ಪ ಕೈ ಕಡ್ಕೋತಾನೆ, ಹಿಂದೆ ವಯಲಿನ್. 1117ರಲ್ಲಿ ಗುಡಿ ಕಟ್ಟಿಸಿದ ಹೊಯ್ಸಳ ದೊರೆ ವಿಷ್ಣುವರ್ಧನ ಹೀಗೆ ಬಂದು ಹಾಗೆ ಹೋದ. ನಿಜವಾಗಿ ಕೆತ್ತಿದ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣನ ಸುದ್ದಿಯೇ ಇಲ್ಲ. ಗುಡಿಯ ಮದನಿಕೆಯರ, ಅಂದ್ರೆ ಸುಂದರಿಯರ ವಿಗ್ರಹಗಳ ಕೆಳಗೆ ಹೆಸರು ಕೆತ್ತಿಟ್ಟು ಹೋಗಿದ್ದಾರೆ ಕಣ್ರೀ.

ಮೂಡಿಗೆರೆ ಕಾಫಿ: ವಯಲಿನ್ ಇಲ್ದಿದ್ರೆ ಯಾರು ನೋಡ್ತಾರೆ ಮಾರಾಯ್ರೇ? ನಮ್ಮನೆ ಮಕ್ಕಳು ಫೋನ್ ಬಿಟ್ಟು ಕೂತಿದ್ದು ಇದೊಂದಕ್ಕೇ. ಈಗ ಕಪ್ಪೆ ತೋರಿಸು ಅಂತ ಹಟ.

ಹಳೇ ಮೇಷ್ಟ್ರು: ನೋಡೋ ಹಾಗೆ ಮಾಡೋಕೆ ಸುಳ್ಳೇ ಬೇಕಾ? 1988ರಲ್ಲಿ ದೂರದರ್ಶನದಲ್ಲಿ ಶ್ಯಾಮ್ ಬೆನಗಲ್ ಅವರ ‘ಭಾರತ್ ಏಕ್ ಖೋಜ್’ ಬಂತು, 53 ಕಂತು. ನಾಟಕ ಇತ್ತು, ಹಾಡೂ ಇತ್ತು. ಆದರೆ ನೆಹರೂ ಪಾತ್ರದ ರೋಷನ್ ಸೇಠ್ ನಡುನಡುವೆ ಬಂದು ಮಾತಾಡೋರು. ಯಾವುದು ಕಥೆ, ಯಾವುದು ವಿವರಣೆ ಅಂತ ಗೊತ್ತಾಗ್ತಿತ್ತು.

ಮೂಡಿಗೆರೆ ಕಾಫಿ: ಆಗ ಇದ್ದಿದ್ದೇ ಒಂದು ದೂರದರ್ಶನ ಸಾರ್. ನೋಡದೆ ಏನ್ಮಾಡ್ತಿದ್ರಿ?

ಉಳಿ ಸುತ್ತಿಗೆ: ಮೇಷ್ಟ್ರೇ, ಯಾವುದು ಸುಳ್ಳು? ಜಕಣಾಚಾರ್ಯರು ಸುಳ್ಳಾ? ಜನವರಿ 1ಕ್ಕೆ ಸರ್ಕಾರವೇ ಸಂಸ್ಮರಣಾ ದಿನ ಮಾಡುತ್ತೆ. ಅವರ ಹೆಸರಲ್ಲಿ ಪ್ರಶಸ್ತಿ ಇದೆ.

ಬೇಲೂರ್ ಹುಡ್ಗ: ಪ್ರಶಸ್ತಿ ಏನು ಶಾಸನನಾ? ಬೇಲೂರಿನ ಯಾವ ಶಾಸನದಲ್ಲೂ ಆ ಹೆಸರಿಲ್ಲ.

ಉಳಿ ಸುತ್ತಿಗೆ: ನಿಮ್ಮ ಮುತ್ತಜ್ಜನ ಹೆಸರು ಯಾವ ಕಲ್ಲಲ್ಲಿದೆ? ಅವರೂ ಇರಲಿಲ್ವಾ?

ಬೇಲೂರ್ ಹುಡ್ಗ: ನಮ್ಮ ಮುತ್ತಜ್ಜ ದೇವಸ್ಥಾನ ಕೆತ್ತಿದ ಅಂತ ನಾನು ಟೀವಿಲಿ ಹೇಳ್ಕೊಂಡಿಲ್ಲ.

ಚನ್ನಪಟ್ಟಣ ಅಲ್ಲ ಚನ್ರಾಯಪಟ್ಟಣ: ಹೆಸರು ಬೇಕಂದ್ರೆ ನಮ್ಮ ನುಗ್ಗೇಹಳ್ಳಿಗೆ ಬನ್ನಿ. 1246ರ ಗುಡಿ. ಉತ್ತರದ ಕಡೆ ಮಲ್ಲಿತಮ್ಮ, ದಕ್ಷಿಣದ ಕಡೆ ಬೈಚೋಜ. ಒಂದೊಂದು ಗೋಡೆಗೆ ಒಬ್ಬೊಬ್ಬ, ಪಂದ್ಯ ಕಟ್ಟಿದ ಹಾಗೆ. ಇದಕ್ಕಿಂತ ಒಳ್ಳೆ ಎಪಿಸೋಡ್ ಬೇಕಾ? ಕ್ಯಾಮೆರಾ ಮಾತ್ರ ಬೇಲೂರು ಹಳೇಬೀಡು ಬಿಟ್ಟು ಕದಲಲ್ಲ.

ಉಳಿ ಸುತ್ತಿಗೆ: ಮಲ್ಲಿತಮ್ಮ ಇದ್ದ ಮಾತ್ರಕ್ಕೆ ಜಕಣಾಚಾರ್ಯರು ಇರಲಿಲ್ಲ ಅಂತಾಗಲ್ಲ. ನಾನು ಕಲ್ಲಿನ ಕೆಲಸದವನು, ಸಿಟ್ಟು ಬಂದಿದ್ದು ಬೇರೆ ಕಾರಣಕ್ಕೆ. ಕಲ್ಲು ಆರಿಸುವಾಗಲೇ ಸುತ್ತಿಗೆಯಿಂದ ತಟ್ಟಿ ನೋಡ್ತೀವಿ. ಗಟ್ಟಿ ಕಲ್ಲು ಗಂಟೆ ಥರ ಕಣ್ ಅನ್ನುತ್ತೆ, ಟೊಳ್ಳಿದ್ರೆ ದನಿ ಮಂಕು. ಟೊಳ್ಳು ಕಲ್ಲಿಗೆ ಶಾಸ್ತ್ರದಲ್ಲಿ ಗರ್ಭ ಇದೆ ಅಂತಾರೆ, ಮೂರ್ತಿಗೆ ಮುಟ್ಟೋ ಹಾಗಿಲ್ಲ. ಅಂಥಾ ಮಹಾಶಿಲ್ಪಿಗೆ ಇದು ತಿಳೀಲಿಲ್ಲ ಅಂತ ತೋರಿಸಿದ್ರಲ್ಲ!

ಬೇಲೂರ್ ಹುಡ್ಗ: ಹಾಗಾದ್ರೆ ಕಪ್ಪೆ ಕಥೆ ಆಗಿಬರಲ್ಲ ಅಂತ ನೀವೇ ಒಪ್ಪಿದ್ರಿ.

ಉಳಿ ಸುತ್ತಿಗೆ: ನಾನು ಏನೂ ಒಪ್ಪಿಲ್ಲ. ಟೀವಿಯವರು ಕೆಡಿಸಿದ್ರು ಅಂದೆ. ಬಾಯಿಗೆ ಬಂದಿದ್ದೆಲ್ಲ ನನ್ನ ತಲೆಗೆ ಕಟ್ಟಬೇಡಿ.

ಹಳೇ ಮೇಷ್ಟ್ರು: ನಾನು ಕೇಳಿದ್ದು ಕಾರ್ಯಕ್ರಮ ಹೇಗಿರಬೇಕು ಅಂತ.

ಮೂಡಿಗೆರೆ ಕಾಫಿ: ಗಂಟೆ ಥರ ಕಣ್ ಅನ್ನುತ್ತಾ? ಭಾನುವಾರ ಮಕ್ಕಳ ಜೊತೆ ಬಂದು ಎಲ್ಲಾ ವಿಗ್ರಹ ತಟ್ಟಿ ನೋಡ್ತೀನಿ.

ಬೇಲೂರ್ ಹುಡ್ಗ: ದಯವಿಟ್ಟು ತಟ್ಟಬೇಡಿ. 2023ರಿಂದ ವಿಶ್ವ ಪರಂಪರೆ ತಾಣ, ಗಾರ್ಡ್ ಸೀಟಿ ಊದ್ತಾನೆ.

ಚನ್ನಪಟ್ಟಣ ಅಲ್ಲ ಚನ್ರಾಯಪಟ್ಟಣ: ಮುಂದಿನ ವಾರದ ಪ್ರೋಮೋ ಬಂತು. ವಿಷ್ಣುವರ್ಧನನ ರಾಣಿ ಶಾಂತಲೆ ಶಿವಗಂಗೆ ಬೆಟ್ಟದ ತುದಿಗೆ ಓಡ್ತಾಳೆ.

ಹಳೇ ಮೇಷ್ಟ್ರು: 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು ಅಂತ ಶ್ರವಣಬೆಳಗೊಳದ ಶಾಸನ ಹೇಳುತ್ತೆ. ಹಾರಿದಳು ಅಂತ ಎಲ್ಲೂ ಇಲ್ಲ.

ಮೂಡಿಗೆರೆ ಕಾಫಿ: ಹಾರಲಿ ಬಿಡಿ ಸಾರ್, ಟಿ.ಆರ್.ಪಿ. ಮೇಲೇರುತ್ತೆ.